ಪಂಚೇಂದ್ರಿಯ ಪಾಠ: ಆರು ಡಬ್ಬಿ ಮೂಸಿಸಿದೆ, ಆರಕ್ಕೂ "ಇಂಗು" ಅಂದ್ರು. ಮುಂದೇನು ಮಾಡಲಿ?

ನಲಿಕಲಿ ಟೀಚರ್ (ಹಾಸನ ಜಿಲ್ಲೆ) · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಲಿಕಲಿ (ಆಟ, ಕಾರ್ಡುಗಳ ಮೂಲಕ ಕಲಿಸೋ ಪದ್ಧತಿ) ತಗೊಳ್ತೀನಿ. ಒಂದು, ಎರಡು, ಮೂರನೇ ತರಗತಿ ಸೇರಿ 21 ಮಕ್ಕಳು, ಒಂದೇ ಕೋಣೆ. ಪರಿಸರ ಅಧ್ಯಯನದಲ್ಲಿ ಜ್ಞಾನೇಂದ್ರಿಯಗಳ ಪಾಠ ಬಂತು. "ಕಣ್ಣು ನೋಡಲು, ಕಿವಿ ಕೇಳಲು, ಮೂಗು ಮೂಸಲು" ಅಂತ ರಾಗವಾಗಿ ಹೇಳಿಸಿ ಮುಗಿಸಬಹುದಿತ್ತು, ಇಷ್ಟು ವರ್ಷ ಹಾಗೇ ಮುಗಿಸಿದ್ದೀನಿ. ಈ ಸಲ ಯಾಕೋ ಹುಮ್ಮಸ್ಸು ಬಂತು.

ಮೆಡಿಕಲ್ ಶಾಪಿನಿಂದ ಖಾಲಿ ಮಾತ್ರೆ ಡಬ್ಬಿ ಆರು ತಂದೆ. ಬಿಸಿನೀರಲ್ಲಿ ತೊಳೆದು ಒಣಗಿಸಿ ಮುಚ್ಚಳಕ್ಕೆ ದಬ್ಬಣದಲ್ಲಿ ತೂತು ಹಾಕಿದೆ. ಒಳಗೆ ಇಂಗು, ಮಲ್ಲಿಗೆ, ಕಾಫಿ ಪುಡಿ, ಜಜ್ಜಿದ ಬೆಳ್ಳುಳ್ಳಿ, ನಿಂಬೆ ಸಿಪ್ಪೆ, ಮೈಸೋಪಿನ ಚೂರು. ಮಕ್ಕಳನ್ನ ಸಾಲಾಗಿ ಕೂರಿಸಿ, ಕೈಯಿಂದ ಕೈಗೆ ದಾಟಿಸಿ, "ಇದೇನು ಹೇಳಿ?" ಅಂದೆ.

ಮೊದಲ ಡಬ್ಬಿಯೇ ಇಂಗು. ನನ್ನ ದಡ್ಡತನ. ಮೂರನೇ ತರಗತಿ ಹುಡುಗಿಯೊಬ್ಬಳು "ಇಂಗು!" ಅಂತ ಕೂಗಿದಳು, ಮಿಕ್ಕ ಇಪ್ಪತ್ತು ಜನ ಡಬ್ಬಿ ಮುಟ್ಟದೇ ಇಂಗು ಇಂಗು ಅಂದರು. ಮಲ್ಲಿಗೆ ಕೊಟ್ಟೆ, ಇಂಗು. ಕಾಫಿ ಕೊಟ್ಟೆ, ಇಂಗು. ಐದನೆಯದಕ್ಕೆ ಬರೋಷ್ಟರಲ್ಲಿ ಒಬ್ಬ "ಮಿಸ್, ಏನೂ ವಾಸನೆನೇ ಬರ್ತಿಲ್ಲ" ಅಂದ. ಕೊನೆಯ ಸೋಪಿನ ಡಬ್ಬಿಯನ್ನ ಒಂದನೇ ತರಗತಿ ಪುಟ್ಟ ಹುಡುಗ ಮೂಸಿ ಮೆಲ್ಲಗೆ "ಅಜ್ಜಿ" ಅಂದ. ಎಲ್ಲರೂ ಗೊಳ್ಳೆಂದು ನಕ್ಕರು. ಅವನು ಅತ್ತುಬಿಟ್ಟ. ಊಟದ ಗಂಟೆ ಹೊಡೀತು.

ಇಂಥ ಚಟುವಟಿಕೆ ಮಾಡಿಸಿರೋರು ಯಾರಾದ್ರೂ ಇದ್ರೆ ಎಲ್ಲಿ ಎಡವಿದೆ ಹೇಳಿ. ಇನ್ನೂ ನಾಲ್ಕು ಇಂದ್ರಿಯ ಬಾಕಿ ಇದೆ. ದುಡ್ಡು ಹೆಚ್ಚು ಹಾಕೋಕೆ ಆಗಲ್ಲ, ಅದನ್ನೂ ಮೊದಲೇ ಹೇಳಿಬಿಡ್ತೀನಿ.

---

ಅಂಗನವಾಡಿ ಅಕ್ಕ (ಗದಗ ಕಡೆ) · ಸೋಮವಾರ ರಾತ್ರಿ

ನಮಸ್ಕಾರ್ರಿ ಟೀಚರ್. ನಿಮ್ಮದನ್ನ ಓದಿ ನಗು ಬಂತು, ಯಾಕಂದ್ರ ಇದ ತಪ್ಪು ನಾನೂ ಮಾಡೇನ್ರಿ. ನಂದು ಇಂಗಲ್ಲ, ಬಳ್ಳೊಳ್ಳಿ.

ಆರು ಡಬ್ಬಿ ಭಾಳ ಆತ್ರಿ. ನಮ್ಮಲ್ಲಿ ಮೂರರಿಂದ ಆರು ವರ್ಷದ ಹುಡುಗೂರು, ಅವಕ್ಕ ಮೂರ ಸಾಕು. ಇಂಗು, ಬಳ್ಳೊಳ್ಳಿ ಅಂಥಾವು ಯಾವಾಗಲೂ ಕಡೀಕ. ನಡುನಡುವ ಹೊರಗ ಕರಕೊಂಡು ಹೋಗಿ ಗಾಳಿ ತಗೊಳ್ಳಾಕ ಬಿಡಬೇಕು. ಮೂಗು ದಣಿತೈತ್ರಿ. ಮನಿಯೊಳಗ ಸುಣ್ಣಾ ಬಣ್ಣಾ ಆದಾಗ ಮೊದಲ ತಲಿ ಸಿಡೀತದ, ಆಮ್ಯಾಲ ಗೊತ್ತ ಆಗಂಗಿಲ್ಲಲ್ಲ, ಹಂಗ.

ಇನ್ನೊಂದು, "ಇದೇನು" ಅಂತ ಕೇಳೂದನ್ನ ನಾ ಬಿಟ್ಟೇನಿ. ಆರು ಡಬ್ಬಿ ಇದ್ರ ಮೂರು ಜೋಡಿ ಮಾಡ್ರಿ. ಎರಡರಾಗ ಕಾಫಿ ಪುಡಿ, ಎರಡರಾಗ ನಿಂಬಿ ಸಿಪ್ಪಿ, ಎರಡರಾಗ ಸೋಪು. ಡಬ್ಬಿ ಎಲ್ಲಾ ಒಂದ ನಮೂನಿ ಕಾಣಬೇಕು, ತಳಕ್ಕ ಮಾತ್ರ ಬಣ್ಣದ ಚುಕ್ಕಿ ಹಚ್ಚಿರಬೇಕು. "ಇದರ ಜೋಡಿ ಹುಡುಕು" ಅನ್ರಿ. ಹುಡುಕಿದ ಮ್ಯಾಲ ಡಬ್ಬಿ ಬೋರಲ ಹಾಕಿ ಚುಕ್ಕಿ ನೋಡಿ ತಾವ ತಿಳ್ಕೋತಾವ. ಮಾತು ಬರದ ಕೂಸೂ ಆಡತೈತಿ, ಕೂಗಾಕ ಏನೂ ಇರಂಗಿಲ್ಲ. ಹೆಸರು ಬೇಕಂದ್ರ ಕಿವ್ಯಾಗ ಬಂದು ಹೇಳು ಅನ್ರಿ. ನಮ್ಮ ಹುಡುಗೂರಿಗೆ ಟೀಚರ್ ಕಿವ್ಯಾಗ ಗುಸುಗುಸು ಅನ್ನೂದು ಅಂದ್ರ ಜಾತ್ರಿ ಆದಂಗ.

ಕಿವಿ ಪಾಠಕ್ಕ ನಾವು ಸೀರಿ ಪಡದೆ ಕಟ್ಟತೀವಿ. ಸಹಾಯಕಿ ಹಿಂದ ನಿಂತು ಬಳಿ ಆಡಸ್ತಾಳ, ತಂಬಿಗಿಯಿಂದ ನೀರು ಸುರೀತಾಳ, ಕೀಲಿಕೈ ಗೊಂಚಲ ಅಲ್ಲಾಡಸ್ತಾಳ, ಆಮ್ಯಾಲ ರೊಟ್ಟಿ ಬಡದಂಗ ಮಣಿ ಮ್ಯಾಲ ಬಡೀತಾಳ. ರೊಟ್ಟಿ ಸಪ್ಪಳಕ್ಕ ಮಾತ್ರ ಯಾವ ಕೂಸೂ ಇವತ್ತಿನತನಕ ತಪ್ಪಿಲ್ರಿ.

ಮತ್ತ ಆ "ಅಜ್ಜಿ" ಅಂದ ಹುಡುಗ ಅದಾನಲ್ಲ, ಅವನ ಅಜ್ಜಿ ಯಾವ ಸೋಪು ಹಚ್ಚತಾಳ ಕೇಳಿದ್ರೇನು?

---

ಹಳೇ ಬೆಂಚು · ಮಂಗಳವಾರ ಬೆಳಿಗ್ಗೆ

ತಪ್ಪು ತಿಳೀಬೇಡಿ. ಹಳ್ಳಿ ಮಕ್ಕಳಿಗೆ ಡಬ್ಬಿಯಲ್ಲಿ ವಾಸನೆ ಹಿಡಿದು ತೋರಿಸೋ ಅಗತ್ಯ ಏನಿದೆ? ಸಗಣಿ, ಗಂಜಲ, ಹಸಿ ಹುಲ್ಲು, ಮೊದಲ ಮಳೆ ಮಣ್ಣು ಎಲ್ಲಾ ಅವಕ್ಕೆ ನಮಗಿಂತ ಚೆನ್ನಾಗಿ ಗೊತ್ತು. ಏಳು ವರ್ಷದ ಹುಡುಗ ಹಲಸಿನಹಣ್ಣು ಯಾವ ಕೋಣೇಲಿದೆ ಅಂತ ಬಾಗಿಲಲ್ಲೇ ಹೇಳ್ತಾನೆ. ಇದೆಲ್ಲ ಸಿಟಿ ಫ್ಲ್ಯಾಟಿನ ಮಕ್ಕಳಿಗೆ ಬೇಕಾದ್ದು. ನಮ್ಮ ಶಾಲೇಲಿ ಕನ್ನಡ ಓದು, ಕೂಡೋದು ಕಳೆಯೋದು ಮೊದಲು ಬರಲಿ.

---

ನಲಿಕಲಿ ಟೀಚರ್ · ಮಂಗಳವಾರ ಸಂಜೆ

ಹಳೇ ಬೆಂಚು ಅವರೇ, ನಾನೂ ಹಾಗೇ ಅಂದ್ಕೊಂಡಿದ್ದೆ. ಆದ್ರೆ ಗೊತ್ತಿರೋದು ಬೇರೆ, ಹೇಳೋಕೆ ಬರೋದು ಬೇರೆ. ಸಗಣಿ ವಾಸನೆ ಹೇಗಿರುತ್ತೆ ಅಂದ್ರೆ "ಸಗಣಿ ಥರ" ಅಂತಾರೆ. ಅದು ಮಕ್ಕಳ ತಪ್ಪಲ್ಲ, ನಂಗೂ ಬರಲ್ಲ. ಓದು ಬರಹಕ್ಕೆ ಇದರಿಂದ ಏನೂ ಲಾಭ ಇಲ್ಲ ಅನ್ನೋದನ್ನ ಮಾತ್ರ ಒಪ್ಪಲ್ಲ, ನೋಡೋಣ.

ಅಕ್ಕಾ, ಜೋಡಿ ಆಟ ಸೊಗಸಾಗಿದೆ. ನಾಳೆಯೇ ಬಣ್ಣದ ಚುಕ್ಕಿ ಅಂಟಿಸ್ತೀನಿ.

---

ಮೈಸೂರು ಮಾಂಟೆಸ್ಸೊರಿ · ಮಂಗಳವಾರ ರಾತ್ರಿ

ಅಂಗನವಾಡಿ ಅಕ್ಕ ಹೇಳಿದ ಜೋಡಿ ಡಬ್ಬಿ ನಮ್ಮ ತರಬೇತಿಯಲ್ಲೂ ಇದೆ, ಅಚ್ಚು ಅದೇ ಆಟ. ಈ ಪದ್ಧತಿ ಕಟ್ಟಿದ ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮ್‌ನಲ್ಲಿ ಕೂಲಿಕಾರರ ಮಕ್ಕಳಿಗೆ ಮೊದಲ 'ಮಕ್ಕಳ ಮನೆ' ಶಾಲೆ ತೆರೆದರು. 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದವರು ಯುದ್ಧದಿಂದಾಗಿ ವರ್ಷಗಟ್ಟಲೆ ಇಲ್ಲೇ ಉಳಿದರು. ಈಗ ಆ ಹೆಸರು ಬೋರ್ಡಿನಲ್ಲಿದ್ದರೆ ಫೀಸು ಹೇಗಿರುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಶುರುವಾಗಿದ್ದು ಮಾತ್ರ ಬಡವರ ಮಕ್ಕಳಿಂದ.

ನಮ್ಮ ಪದ್ಧತಿಯಲ್ಲಿ ನಿಮ್ಮ ಕೋಣೆಗೆ ನೇರವಾಗಿ ಬರಬಹುದಾದ್ದು ಒಂದಿದೆ. ಒಂದು ಸಲಕ್ಕೆ ಒಂದೇ ಗುಣ ಬದಲಾಗಬೇಕು, ಮಿಕ್ಕಿದ್ದೆಲ್ಲ ಒಂದೇ ಥರ ಇರಬೇಕು. ಗುಲಾಬಿ ಗೋಪುರ ಅಂತ ಇದೆ, ಹತ್ತು ಮರದ ಘನಗಳು, 1 ಸೆಂಟಿಮೀಟರ್‌ನಿಂದ 10ರವರೆಗೆ. ಎಲ್ಲಕ್ಕೂ ಒಂದೇ ಬಣ್ಣ. ಹತ್ತಕ್ಕೆ ಹತ್ತು ಬಣ್ಣ ಬಳಿದರೆ ಮಗು ಬಣ್ಣ ನೋಡುತ್ತೆ, ಗಾತ್ರ ನೋಡಲ್ಲ. ಅಂಗಡಿಯ ಆಟಿಕೆಗಳು ಕೆಡೋದೇ ಇಲ್ಲಿ: ಬಣ್ಣ, ಬೆಳಕು, ಹಾಡು ಎಲ್ಲಾ ಒಟ್ಟಿಗೆ ಬಂದುಬಿಡುತ್ತೆ.

ಸ್ಪರ್ಶಕ್ಕೆ ಖರ್ಚೇ ಬೇಡ. ಹಳೇ ಪ್ಯಾಂಟಿನ ಕಾಲನ್ನ ಕತ್ತರಿಸಿ ಒಂದು ತುದಿ ಹೊಲಿದರೆ ಚೀಲ. ಒಳಗೆ ಎರಡೆರಡು ವಸ್ತು: ಎರಡು ಗೋಲಿ, ಎರಡು ಚಮಚ, ಎರಡು ಬಟ್ಟೆ ಕ್ಲಿಪ್ಪು, ಎರಡು ತೆಂಗಿನ ಚಿಪ್ಪಿನ ಚೂರು. ಎಡಗೈಲಿ ಒಂದನ್ನ ಹಿಡಿದು, ನೋಡದೆ ಬಲಗೈಲಿ ಅದರ ಜೊತೆಗಾರನ್ನ ಹುಡುಕಬೇಕು. ಇದು ಬಂದಮೇಲೆ ಬಟ್ಟೆ ಚೂರು ಹಾಕಿ. ದರ್ಜಿ ಅಂಗಡೀಲಿ ಸುಮ್ಮನೆ ಕೊಡ್ತಾರೆ. ಹತ್ತಿ, ರೇಷ್ಮೆ, ಗೋಣಿ, ಉಲ್ಲನ್. ಮಕ್ಕಳ ಬೆರಳು ನೋಡಿ ಆಗ, ಕಣ್ಣು ಮುಚ್ಚದಿದ್ರೂ ದೃಷ್ಟಿ ಎಲ್ಲೋ ಸೂರಿನ ಕಡೆ ಇರುತ್ತೆ.

ಚನ್ನಪಟ್ಟಣದ ಗೊಂಬೆ ಸಿಕ್ಕಿದರೆ ಒಂದೆರಡು ಇಡಿ. ಹಾಲೆ ಮರ, ಮೇಲೆ ಅರಗಿನ ಹೊಳಪು. ಪ್ಲಾಸ್ಟಿಕ್ ಗೊಂಬೆಯನ್ನ ಪಕ್ಕದಲ್ಲಿಟ್ಟು ಯಾವುದು ಹಿಡಿಯೋಕೆ ಹಿತ ಅಂತ ಕೇಳಿ, ಚರ್ಚೆ ಅರ್ಧ ಗಂಟೆ ನಡೆಯುತ್ತೆ.

---

ಇಬ್ಬರ ಅಪ್ಪ (ಬೆಂಗಳೂರು) · ಬುಧವಾರ ಬೆಳಿಗ್ಗೆ

ನಾಲಿಗೆ ಬಗ್ಗೆ ಯಾರಾದ್ರೂ ಸ್ವಲ್ಪ ಹೇಳ್ತೀರಾ? ಮಗಳು ಯುಕೆಜಿ. ಶಾಲೆಯಿಂದ ವರ್ಕ್‌ಶೀಟ್ ಬಂದಿದೆ: ನಾಲಿಗೆ ಚಿತ್ರ, ತುದಿಗೆ ಸಿಹಿ, ಪಕ್ಕಕ್ಕೆ ಹುಳಿ, ಹಿಂದೆ ಕಹಿ, ಬಣ್ಣ ತುಂಬಿ ಅಂತ. ತುಂಬಿದಳು. ಆಮೇಲೆ ನೇರ ಅಡುಗೆಮನೆಗೆ ಹೋಗಿ ಸಕ್ಕರೆಯನ್ನ ನಾಲಿಗೆಯ ಪಕ್ಕಕ್ಕೆ ಇಟ್ಕೊಂಡು, "ಅಪ್ಪಾ, ಇಲ್ಲೂ ಸಿಹೀನೇ ಇದೆ, ಶೀಟ್ ತಪ್ಪು" ಅಂದಳು. ನಾನೂ ಇಟ್ಟು ನೋಡಿದೆ. ಅವಳು ಹೇಳಿದ್ದೇ ಸರಿ. ಮಿಸ್ ಹತ್ರ ಹೇಳಿದ್ರೆ "ಬುಕ್ಕಲ್ಲಿ ಹಾಗೇ ಇದೆ ಸಾರ್" ಅಂದ್ರು. ಶಾಲೆ ಹೆಸರು ಬೇಡ ಬಿಡಿ. ನಾನೂ ಅದೇ ಚಿತ್ರ ಓದಿ ಬೆಳೆದವನು, ಮೂವತ್ತೈದು ವರ್ಷ ಒಂದು ಚಿಟಿಕೆ ಸಕ್ಕರೆ ಇಟ್ಟು ನೋಡೋ ಬುದ್ಧಿ ಬರಲಿಲ್ಲ ನೋಡಿ.

---

ನಿವೃತ್ತ ವಿಜ್ಞಾನ ಮೇಷ್ಟ್ರು · ಬುಧವಾರ ಮಧ್ಯಾಹ್ನ

ಇಬ್ಬರ ಅಪ್ಪ ಅವರೇ, ನಿಮ್ಮ ಮಗಳಿಗೆ ನನ್ನ ಕಡೆಯಿಂದ ಒಂದು ಶಹಬ್ಬಾಸ್. ನಾಲಿಗೆಯ ಆ ನಕ್ಷೆ ತಪ್ಪು. 1901ರಲ್ಲಿ ಹೇನಿಗ್ ಎಂಬ ಜರ್ಮನ್ ವಿಜ್ಞಾನಿ ನಾಲಿಗೆಯ ಅಂಚಿನ ಬೇರೆಬೇರೆ ಕಡೆ ರುಚಿ ಗೊತ್ತಾಗುವುದರಲ್ಲಿ ಅತಿ ಸಣ್ಣ ವ್ಯತ್ಯಾಸ ಇದೆ ಎಂದು ಬರೆದಿದ್ದ. 1942ರಲ್ಲಿ ಬೋರಿಂಗ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಅದನ್ನು ತನ್ನ ಪುಸ್ತಕದಲ್ಲಿ ಗ್ರಾಫ್ ಮಾಡಿದ. ಆ ಗ್ರಾಫನ್ನು ಓದಿದವರು ಇಲ್ಲಿ ಸಿಹಿ ಮಾತ್ರ, ಅಲ್ಲಿ ಕಹಿ ಮಾತ್ರ ಎಂದು ತಿಳಿದುಕೊಂಡರು. ರುಚಿಮೊಗ್ಗು ಇರುವ ಕಡೆಯೆಲ್ಲ ಎಲ್ಲ ರುಚಿಯೂ ತಿಳಿಯುತ್ತದೆ. ನಾನೂ ಆ ನಕ್ಷೆಯನ್ನು ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಬರೆದವನೇ, ಪಾಪ ಒಪ್ಪಿಕೊಳ್ಳುತ್ತೇನೆ.

ನಮ್ಮ ಮನೆಗಳಲ್ಲಿ ರುಚಿ ಆರು: ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು. ಇಂದಿನ ವಿಜ್ಞಾನ ಹೇಳುವುದು ಐದು: ಸಿಹಿ, ಹುಳಿ, ಉಪ್ಪು, ಕಹಿ, ಮತ್ತು 1908ರಲ್ಲಿ ಜಪಾನಿನ ಇಕೆಡಾ ಗುರುತಿಸಿದ ಉಮಾಮಿ (ಅಣಬೆ, ಟೊಮೇಟೊಗಳಲ್ಲಿ ಸಿಗುವಂಥ ರುಚಿ). ನಮ್ಮ ಖಾರ, ಒಗರು ಎಲ್ಲಿ ಹೋದವು? ಖಾರ ನಾಲಿಗೆಯ ರುಚಿಮೊಗ್ಗಿನ ಕೆಲಸವೇ ಅಲ್ಲ. ಸುಡುವ ಬಿಸಿಯನ್ನು ತಿಳಿಸುವ ನರಕ್ಕೆ ಮೆಣಸಿನಕಾಯಿಯ ಅಂಶ ತಗುಲಿ "ಉರಿ" ಎಂಬ ಸುದ್ದಿ ಹೋಗುತ್ತದೆ. ಅದಕ್ಕೇ ಮೆಣಸಿನಕಾಯಿ ಹೆಚ್ಚಿದ ಕೈಯಲ್ಲಿ ಕಣ್ಣುಜ್ಜಿದರೂ ಖಾರವೇ. ಆ ನರದಲ್ಲಿ ಬಿಸಿ, ಖಾರ ಎರಡನ್ನೂ ಗುರುತಿಸುವ ಗ್ರಾಹಕವನ್ನು (ರಿಸೆಪ್ಟರ್) ಕಂಡುಹಿಡಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಪುದೀನ ತಣ್ಣಗೆನಿಸುವುದೂ ಇದೇ ಲೆಕ್ಕ, ಅಲ್ಲಿ ತಣ್ಣನೆಯ ನರ. ಒಗರು ಇನ್ನೂ ಸ್ವಾರಸ್ಯ. ಅಡಿಕೆ, ನೇರಳೆ, ಬಾಳೆಕಾಯಿಯಲ್ಲಿರುವ ಟ್ಯಾನಿನ್ ಎಂಬ ಅಂಶ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಜೊಲ್ಲಿನ ಜಾರಿಕೆ ಹೋಗುತ್ತದೆ, ನಾಲಿಗೆ ತರಿತರಿ ಆಗುತ್ತದೆ. ಹೆಚ್ಚುಪಾಲು ಅದು ಸ್ಪರ್ಶ! ಹಾಗೆಂದು ಮಗುವಿಗೆ "ಒಗರು ರುಚಿಯಲ್ಲ" ಎಂದು ತಿದ್ದಲು ಹೋಗಬೇಡಿ. ಅಜ್ಜಿಯ ಪಟ್ಟಿ ಬಾಯಿಗೆ ಏನೆನಿಸುತ್ತದೆ ಎನ್ನುವುದರ ಪಟ್ಟಿ, ಅದಕ್ಕೆ ಅದರದೇ ಮರ್ಯಾದೆ ಇದೆ.

ಟೀಚರಮ್ಮ, ಮೂರು ಪ್ರಯೋಗ ಹೇಳುತ್ತೇನೆ.

ಮೊದಲನೆಯದು ನೆಲ್ಲಿಕಾಯಿ. ಬೀಜ ತೆಗೆದ ಒಂದು ಹೋಳು ಅಗಿದು ನುಂಗಿ ನೀರು ಕುಡಿಯಲಿ. ನೀರು ಸಿಹಿ. "ನೀರಿಗೆ ಸಕ್ಕರೆ ಹಾಕಿದ್ದು ಯಾರು?" ಎಂದು ಕೇಳಿ ಸುಮ್ಮನಾಗಿ.

ಎರಡನೆಯದು ಏಲಕ್ಕಿ ಸಕ್ಕರೆ. ಎರಡು ಚಮಚ ಸಕ್ಕರೆಗೆ ಒಂದು ಏಲಕ್ಕಿಯ ಪುಡಿ. ಮೂಗನ್ನು ಬೆರಳಲ್ಲಿ ಮುಚ್ಚಿಕೊಂಡು ಚಿಟಿಕೆ ಬಾಯಿಗೆ ಹಾಕಿಕೊಳ್ಳಲಿ. ಬರೀ ಸಿಹಿ. ಈಗ ಮೂಗು ಬಿಡಲಿ. ಏಲಕ್ಕಿ ಬಾಯಿತುಂಬ ಬರುತ್ತದೆ. ಗಂಟಲ ಹಿಂದಿನಿಂದ ಮೂಗಿಗೆ ದಾರಿ ಇದೆ, ನೆಗಡಿಯಲ್ಲಿ ಸಾರು ಸಪ್ಪೆ ಎನಿಸುವುದು ಅದಕ್ಕೇ. ಎಂಟನೇ ತರಗತಿಗೆ ಇದನ್ನು ಮಾಡಿಸಿದಾಗ ಇಡೀ ಬೆಂಚು "ಹೋ" ಎಂದಿತ್ತು, ಆರು ವರ್ಷದವರು ಸುಮ್ಮನಿರುತ್ತಾರೆಯೇ?

ಮೂರನೆಯದು ಮೂರು ಬೋಗುಣಿ ನೀರು: ತಣ್ಣನೆಯದು, ಉಗುರುಬೆಚ್ಚಗಿನದು, ಕೈ ತಡೆಯುವಷ್ಟು ಬಿಸಿ. ಒಂದು ಕೈ ತಣ್ಣೀರಲ್ಲಿ, ಇನ್ನೊಂದು ಬಿಸಿನೀರಲ್ಲಿ, ಮೂವತ್ತು ಎಣಿಸಿ. ಆಮೇಲೆ ಎರಡೂ ನಡುವಿನ ಬೋಗುಣಿಗೆ. ಒಂದೇ ನೀರು ಒಂದು ಕೈಗೆ ಬಿಸಿ, ಇನ್ನೊಂದಕ್ಕೆ ತಣ್ಣಗೆ. ಮುನ್ನೂರು ವರ್ಷದ ಹಿಂದೆಯೇ ಜಾನ್ ಲಾಕ್ ಎಂಬ ಇಂಗ್ಲಿಷ್ ತತ್ತ್ವಜ್ಞಾನಿ ಈ ಒಗಟನ್ನು ಬರೆದಿಟ್ಟಿದ್ದಾನೆ. ಬೋಗುಣಿ ಸಾಲದಿದ್ದರೆ ಒಂದು ಸ್ಟೀಲ್ ತಟ್ಟೆ, ಒಂದು ಮರದ ಮಣೆ ರಾತ್ರಿಯೆಲ್ಲ ಒಂದೇ ಕೋಣೆಯಲ್ಲಿಡಿ. ಬೆಳಿಗ್ಗೆ ಮುಟ್ಟಿ ಯಾವುದು ತಣ್ಣಗಿದೆ ಎಂದು ಕೇಳಿ. ಎರಡರದೂ ಒಂದೇ ಉಷ್ಣತೆ. ಸ್ಟೀಲು ಕೈಯ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ, ಅಷ್ಟೆ. ಕಾರಣವನ್ನು ಈಗಲೇ ಹೇಳಬೇಡಿ, ಅದು ಹೈಸ್ಕೂಲಿಗೆ ಬರಲಿ. ಚರ್ಮಕ್ಕೂ ಮೋಸವಾಗುತ್ತದೆ ಎಂದು ನೋಡಿದರೆ ಒಂದನೇ ತರಗತಿಗೆ ಧಾರಾಳ.

---

ಕಿವಿಯಂತ್ರದ ಅಮ್ಮ · ಬುಧವಾರ ರಾತ್ರಿ

ಮೇಷ್ಟ್ರ ಏಲಕ್ಕಿ ಸಕ್ಕರೆ ಈಗಷ್ಟೇ ಮಾಡಿ ನೋಡಿದ್ವಿ, ಮನೆಯಲ್ಲಿ ಸಕ್ಕರೆ ಡಬ್ಬಿ ಖಾಲಿಯಾಯ್ತು.

ನನ್ನದೊಂದು ಬೇಡಿಕೆ ಇದೆ. ನನ್ನ ಮಗನಿಗೆ ಹುಟ್ಟಿನಿಂದ ಕಿವಿ ಕಡಿಮೆ, ಎರಡೂ ಕಡೆ ಯಂತ್ರ ಹಾಕ್ತಾನೆ. ಹೋದ ವರ್ಷ ಅವನ ಶಾಲೆಯಲ್ಲಿ ಪಂಚೇಂದ್ರಿಯ ದಿನ ಮಾಡಿದ್ರು. ಎಲ್ಲಾ ಮಕ್ಕಳ ಕಿವಿಗೆ ಹತ್ತಿ ಇಟ್ಟು, "ಕಿವಿ ಕೇಳದಿದ್ರೆ ಎಷ್ಟು ಕಷ್ಟ ನೋಡಿ, ದೇವರು ನಮಗೆ ಕಿವಿ ಕೊಟ್ಟಿದ್ದಾನೆ" ಅಂದ್ರಂತೆ. ಮಕ್ಕಳೆಲ್ಲ ತಿರುಗಿ ಇವನನ್ನ ನೋಡಿದ್ರು. ಮನೆಗೆ ಬಂದು ಯಂತ್ರ ಬಿಚ್ಚಿ ಚೀಲದಲ್ಲಿಟ್ಟವನು ಎರಡು ದಿನ ಹಾಕಲಿಲ್ಲ. ಆ ಟೀಚರ್ ಕೆಟ್ಟವರಲ್ಲ, ಯೋಚನೆ ಮಾಡಿರಲಿಲ್ಲ.

ಆದ್ರಿಂದ ಕಣ್ಣಿಗೆ ಬಟ್ಟೆ ಕಟ್ಟೋ ಆಟ ಆಡಿಸಿ, ಕಣ್ಣಾಮುಚ್ಚಾಲೆ ಆಡದ ಮಗು ಯಾರಿದ್ದಾರೆ. ಆದ್ರೆ "ಕುರುಡರು ಪಾಪ" ಅನ್ನೋ ಮಾತು ಜೊತೆಗೆ ಬರೋದು ಬೇಡ. ಅದರ ಬದಲು ಬ್ರೈಲ್ ಹಾಳೆ ಒಂದು ತಂದು ತೋರಿಸಿ. ಆರು ಚುಕ್ಕೆಯ ಮನೆಯಲ್ಲಿ ಕನ್ನಡದ ಅಕ್ಷರಗಳೂ ಕೂರುತ್ತವೆ. ಬೆರಳಲ್ಲಿ ಓದಬಹುದು ಅಂತ ಗೊತ್ತಾದ್ರೆ ಮಕ್ಕಳಿಗೆ ಅಸೂಯೆನೇ ಆಗುತ್ತೆ.

ಕಿವಿಗೆ ನಮ್ಮ ಥೆರಪಿಯಲ್ಲಿ ಕಲಿತ ಆಟ: ಊದಿದ ಬಲೂನನ್ನ ಎರಡೂ ಅಂಗೈಲಿ ಮೆತ್ತಗೆ ಹಿಡ್ಕೊಂಡು ನಿಲ್ಲಬೇಕು, ಸ್ವಲ್ಪ ದೂರದಲ್ಲಿ ಯಾರಾದ್ರೂ ತಮಟೆ ಅಥವಾ ಡೊಳ್ಳು ಬಾರಿಸಬೇಕು. ಸದ್ದು ಅಂಗೈಗೆ ಬರುತ್ತೆ. ನನ್ನ ಮಗ ಯಂತ್ರ ತೆಗೆದು ಆಡಿದಾಗ್ಲೂ ಎಷ್ಟು ಪೆಟ್ಟು ಅಂತ ತಪ್ಪದೆ ಹೇಳ್ತಾನೆ, ಅವನ ತಂಗಿ ತಪ್ಪುತ್ತಾಳೆ.

ಇನ್ನೊಂದು ಮಾತು ಟೀಚರ್‌ಗಳಿಗೆ. ಪಡದೆ ಹಿಂದಿನ ಸದ್ದಿನ ಆಟದಲ್ಲಿ ಒಂದು ಮಗು ಮತ್ತೆಮತ್ತೆ ತಪ್ಪಿದ್ರೆ, ಬಣ್ಣ ಜೋಡಿಸೋವಾಗ ಕೆಂಪು ಹಸಿರು ಒಂದೇ ಕಡೆ ಇಟ್ರೆ, "ಗಮನ ಇಲ್ಲ" ಅಂತ ಗದರಬೇಡಿ. ಮನೆಯವರಿಗೆ ಹೇಳಿ. ಕಿವಿಗಾದ್ರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, ನಮ್ಮದೆಲ್ಲ ಅಲ್ಲೇ ಆಗಿದ್ದು.

---

ಸಿಸ್ಟರ್ (ಮಂಗಳೂರು) · ಗುರುವಾರ

ಎಲ್ಲರೂ ಚೆಂದದ ಆಟ ಹೇಳ್ತಿದ್ದೀರಿ, ನಾನೊಬ್ಬಳು ಹೆದರಿಸ್ಲಿಕ್ಕೆ ಬಂದೆ ಅಂತ ಗ್ರಹಿಸಬೇಡಿ ಮಾರಾಯ್ರೆ. ಕಿವಿ ಮೂಗು ಗಂಟಲಿನ ವಿಭಾಗದಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದೇನೆ. ಮಕ್ಕಳ ಮೂಗಿನಿಂದ ನಾವು ತೆಗೆದದ್ದರ ಪಟ್ಟಿ ಬರೆದರೆ ಒಂದು ದಿನಸಿ ಅಂಗಡಿ ಆಗ್ತದೆ. ಕಡಲೆ, ಹೆಸರು, ಹುಣಸೆ ಬೀಜ, ಮಣಿ, ರಬ್ಬರಿನ ತುಂಡು. ಕಾಳು ಒದ್ದೆಗೆ ಉಬ್ಬುತ್ತದೆ, ಮತ್ತೆ ಹೊರಗೆ ಬರುವುದಿಲ್ಲ. ಮನೆಯಲ್ಲಿ ಪಿನ್ನು ಹಾಕಿ ಕೆದಕಿ ಇನ್ನೂ ಒಳಗೆ ಕಳಿಸಿಕೊಂಡು ಬರ್ತಾರೆ. ಅದು ಮಾತ್ರ ಮಾಡ್ಬೇಡಿ.

ಹಾಗಾಗಿ ಕಾಳಿನಲ್ಲಿ ಕೈ ಆಡಿಸುವ ಆಟ ಇದ್ದರೆ ಟೀಚರ್ ಎದುರೇ ಇರಬೇಕು, ಮೂರು ವರ್ಷದೊಳಗಿನವರಿಗೆ ಬೇಡವೇ ಬೇಡ. ಇಡೀ ನೆಲಗಡಲೆ ರುಚಿ ನೋಡ್ಲಿಕ್ಕೆ ಕೊಡಬೇಡಿ, ಶ್ವಾಸನಾಳಕ್ಕೆ ಹೋಗ್ತದೆ. ಗುಲಗಂಜಿ ನೋಡ್ಲಿಕ್ಕೆ ಚೆಂದ, ಕೆಂಪು ಕಪ್ಪು, ಎಣಿಸ್ಲಿಕ್ಕೆ ಅಂತ ಕೆಲವು ಶಾಲೆಯಲ್ಲಿ ಇಡ್ತಾರೆ. ಅದು ವಿಷ. ಅಗಿದರೆ ಜೀವಕ್ಕೇ ಅಪಾಯ. ಮೂಸುವ ಡಬ್ಬಿಗೆ ಕರ್ಪೂರ, ನುಸಿಗುಳಿಗೆ ಹಾಕಬೇಡಿ, ಕಲ್ಲುಸಕ್ಕರೆ ಅಂತ ಬಾಯಿಗೆ ಹಾಕ್ತಾರೆ. ಮಲ್ಲಿಗೆ ಸಾಕು, ಕಣಗಿಲೆ ಬೇಡ. ಸದ್ದು ಮಾಡುವ ಆಟಿಕೆಯಲ್ಲಿ ಬಟನ್ ಬ್ಯಾಟರಿ ಉಂಟಾ ನೋಡಿ. ನುಂಗಿದರೆ ಎರಡು ಗಂಟೆಯಲ್ಲಿ ಅನ್ನನಾಳ ಸುಡ್ಲಿಕ್ಕೆ ಶುರು ಆಗ್ತದೆ.

ಕಿವಿಯಂತ್ರದ ಅಮ್ಮ ಹೇಳಿದ ಬಲೂನಿನ ಆಟ ನಂಗೆ ತುಂಬಾ ಇಷ್ಟ ಆಯ್ತು. ಒಡೆದ ಚೂರು ಕೂಡ್ಲೇ ಹೆಕ್ಕಿಬಿಡಿ, ಅಷ್ಟೇ. ಮತ್ತೆ ರುಚಿ ಆಟದ ಮೊದಲು ಯಾವ ಮಗುವಿಗೆ ಏನು ಆಗುವುದಿಲ್ಲ ಅಂತ ಮನೆಯವರ ಹತ್ರ ಕೇಳಿ.

---

ನ್ಯೂಜೆರ್ಸಿ ಕನ್ನಡ ಕ್ಲಾಸು · ಶುಕ್ರವಾರ

ಇಲ್ಲಿ ಭಾನುವಾರ ಬೆಳಿಗ್ಗೆ ನಮ್ಮ ನೆಲಮಾಳಿಗೆಯಲ್ಲಿ ಎಂಟು ಮಕ್ಕಳಿಗೆ ಕನ್ನಡ ಹೇಳಿಕೊಡ್ತೀನಿ. ಅಕ್ಷರಮಾಲೆಗೆ ಆಕಳಿಸೋ ಮಕ್ಕಳು ಅಡುಗೆಮನೆಗೆ ಕರ್ಕೊಂಡು ಹೋದ್ರೆ ಎದ್ದು ಕೂರ್ತಾರೆ.

ಹಾಸನದ ಟೀಚರ್ "ಹೇಳೋಕೆ ಬರಲ್ಲ" ಅಂದಿದ್ದು ನನಗೆ ತಟ್ಟಿತು. ನಮ್ಮ ಮಕ್ಕಳಿಗೆ ಎಲ್ಲಾ ವಾಸನೆಗೂ ಇರೋದು ಒಂದೇ ಮಾತು, "ಸ್ಮೆಲ್ಲಿ". ಕನ್ನಡದಲ್ಲಿ ಎಷ್ಟಿದೆ ಅಂತ ಒಂದು ಭಾನುವಾರ ಗೋಡೆ ಮೇಲೆ ಬರೀತಾ ಹೋದ್ವಿ. ತುಪ್ಪ ಕಾಯಿಸಿದ್ರೆ ಘಮ. ಒಣಮೆಣಸಿನಕಾಯಿ ಹುರಿದ್ರೆ ಘಾಟು. ಹಳೇ ಎಣ್ಣೆ ಕಮಟು. ಮಳೆಗಾಲದ ಬಟ್ಟೆ ಮುಗ್ಗಲು. ತಳ ಹಿಡಿದ ಹಾಲು ಸೀದ ವಾಸನೆ. ಸಾರಿನಪುಡಿ ಬೇಯದಿದ್ರೆ ಹಸಿ ವಾಸನೆ. ಘಾಟು ಅನ್ನೋ ಪದಕ್ಕೆ ಇಂಗ್ಲಿಷಲ್ಲಿ ಏನು ಅಂತ ಹತ್ತು ವರ್ಷದ ಹುಡುಗಿ ಕೇಳಿದಳು. ಉತ್ತರ ಕೊಡೋ ಬದಲು ಬಾಣಲೆಗೆ ಎರಡು ಬ್ಯಾಡಗಿ ಹಾಕಿದೆ. ಎಂಟೂ ಮಕ್ಕಳು ಕೆಮ್ಮಿದರು, ಹೊಗೆ ಅಲಾರಂ ಹೊಡ್ಕೊಳ್ತು, ಮೇಲಿಂದ ಯಜಮಾನರು ಓಡಿ ಬಂದ್ರು. ಆ ಪದ ಮಾತ್ರ ಇನ್ನು ಯಾರೂ ಮರೆಯಲ್ಲ.

ಮೇಷ್ಟ್ರಿಗೆ ಒಂದು ಸಂಗತಿ: ಇಲ್ಲಿಯ ಮಕ್ಕಳು ಬಿಸಿಗೂ ಖಾರಕ್ಕೂ "ಹಾಟ್" ಅಂತಾರೆ. ಕನ್ನಡ ಬೇರೆಬೇರೆ ಮಾಡುತ್ತೆ. ನೀವು ಹೇಳಿದ ನರದ ವಿಷಯ ಓದಿದ ಮೇಲೆ ಇಂಗ್ಲಿಷಿನವರೂ ಸುಮ್ಮನೆ ಹಾಗೆ ಅಂದಿಲ್ಲ ಅನಿಸ್ತು.

---

ನಿವೃತ್ತ ವಿಜ್ಞಾನ ಮೇಷ್ಟ್ರು · ಶುಕ್ರವಾರ

ಭಲೇ. ನರ ಇಂಗ್ಲಿಷಿನ ಪಕ್ಷ, ನಾಲಿಗೆ ಕನ್ನಡದ ಪಕ್ಷ.

ಅಂದಹಾಗೆ ಕಣ್ಣಿನ ಪಾಠಕ್ಕೆ ಚಾರ್ಟು ಬೇಡ. ಇಬ್ಬಿಬ್ಬರು ಎದುರುಬದುರು ಕೂರಲಿ. ಒಬ್ಬ ಅಂಗೈಯಿಂದ ಕಣ್ಣು ಮುಚ್ಚಿ ಇಪ್ಪತ್ತು ಎಣಿಸಿ ಕಿಟಕಿಯ ಕಡೆ ತೆರೆಯಲಿ, ಇನ್ನೊಬ್ಬ ಪಾಪೆ ಕುಗ್ಗುವುದನ್ನು ನೋಡಲಿ. (ಸೂರ್ಯನ ಕಡೆ ಅಲ್ಲ.) ಆಮೇಲೆ ಒಂದು ಕಣ್ಣು ಮುಚ್ಚಿ, ಕೈ ಚಾಚಿ ಪೆನ್ನಿಗೆ ಕ್ಯಾಪು ಹಾಕಲಿ. ಎರಡು ಕಣ್ಣು ಯಾಕೆ ಎಂದು ಆಗ ಕೇಳಿ. ಕಿವಿಗೂ ಹೀಗೇ: ಕಣ್ಣು ಮುಚ್ಚಿದವನ ಎಡಕ್ಕೆ ಚಪ್ಪಾಳೆ ತಟ್ಟಿದರೆ ಸರಿಯಾಗಿ ತೋರಿಸುತ್ತಾನೆ. ಮೂಗಿನ ನೇರಕ್ಕೆ ಮುಂದೆ, ನೆತ್ತಿಯ ಮೇಲೆ ಅಥವಾ ಬೆನ್ನ ಹಿಂದೆ ತಟ್ಟಿದರೆ ಗೊಂದಲವಾಗುತ್ತದೆ, ಎರಡೂ ಕಿವಿಗೆ ಸದ್ದು ಒಂದೇ ಹೊತ್ತಿಗೆ ತಲುಪುವುದರಿಂದ.

ಯಾರಾದರೂ ಮಗು "ಇಂದ್ರಿಯ ಐದೇನಾ?" ಎಂದು ಕೇಳಿದರೆ ಒಂಟಿಕಾಲಲ್ಲಿ ನಿಲ್ಲಿಸಿ. ಬೀಳದೆ ನಿಂತಿದ್ದು ಯಾವ ಇಂದ್ರಿಯದಿಂದ ಎಂದು ತಿರುಗಿ ಕೇಳಿ. ಒಳಕಿವಿಯಲ್ಲಿ ಸಮತೋಲನಕ್ಕೆ ಬೇರೆಯೇ ಅಂಗ ಇದೆ.

---

ನಲಿಕಲಿ ಟೀಚರ್ · ಮೂರು ವಾರದ ನಂತರ

ಎಲ್ಲರಿಗೂ ವರದಿ ಒಪ್ಪಿಸ್ತೀನಿ. ತಡವಾಯ್ತು, ನಡುವೆ ಶಾಲಾ ತಪಾಸಣೆ ಬಂತು.

ಜೋಡಿ ಡಬ್ಬಿ ಗೆದ್ದಿತು. ಅದಕ್ಕೊಂದು ತಟ್ಟೆ ಗುಂಪನ್ನೇ (ನಲಿಕಲಿಯಲ್ಲಿ ಮಕ್ಕಳು ಕೂತು ಕೆಲಸ ಮಾಡೋ ಸಣ್ಣ ಗುಂಪು) ಮೀಸಲಿಟ್ಟೆ, ನಾಲ್ಕು ಜನ ಆಡ್ತಿದ್ರೆ ಮಿಕ್ಕವರು ಅವರವರ ಕಾರ್ಡಿನ ಕೆಲಸದಲ್ಲಿ. ಮೊದಲ ದಿನವೇ ಇಪ್ಪತ್ತೊಂದೂ ಮಕ್ಕಳಿಗೆ ಒಟ್ಟಿಗೆ ಮಾಡಿಸಿದ್ದು ನನ್ನ ದೊಡ್ಡ ತಪ್ಪು ಅಂತ ಈಗ ಗೊತ್ತಾಗ್ತಿದೆ.

ಮೂರು ಬೋಗುಣಿ ಪ್ರಯೋಗದಲ್ಲಿ ಜಗಳವೇ ಆಯ್ತು. ಒಬ್ಬಳು ತನ್ನ ಎರಡು ಕೈ ಒಂದಕ್ಕೊಂದು ಸುಳ್ಳು ಹೇಳ್ತಿವೆ ಅಂತ ಎಡಗೈಗೆ ಬಲಗೈಲಿ ಹೊಡೆದಳು. ಇನ್ನೊಬ್ಬ ನಾನೇ ನೀರು ಬದಲಾಯಿಸಿದ್ದೀನಿ ಅಂತ ಬೋಗುಣಿ ಕಾಯೋಕೆ ಕೂತ. ನೆಲ್ಲಿಕಾಯಿ ಆದಮೇಲೆ ಬಿಸಿಯೂಟದ ನೀರಿನ ಡ್ರಮ್ಮೂ ಸಿಹಿ ಅಂತ ಸುದ್ದಿ ಹಬ್ಬಿ ನಾಲ್ಕನೇ ತರಗತಿಯವರು ಕುಡಿಯೋಕೆ ಬಂದ್ರು.

ಎಲ್ಲವೂ ಚೆನ್ನಾಗಾಯ್ತು ಅಂತಲ್ಲ. ಬಲೂನ್ ಹನ್ನೆರಡರಲ್ಲಿ ಒಂಬತ್ತು ಒಡೆದವು. ಚೀಲದ ಆಟದಲ್ಲಿ ಒಬ್ಬ ಹುಡುಗ ಏನು ಮಾಡಿದ್ರೂ ಕೈ ಒಳಗೆ ಹಾಕಲಿಲ್ಲ, ಕತ್ತಲಲ್ಲಿ ಹಾವು ಇರುತ್ತೆ ಅಂದ. ಅವರ ಮನೆ ಕೊಟ್ಟಿಗೇಲಿ ನಿಜವಾಗ್ಲೂ ಬಂದಿತ್ತಂತೆ. ಅವನಿಗೆ ಚೀಲದ ಬಾಯಿ ಬಿಚ್ಚಿ ತೋರಿಸಿ, ಆಮೇಲೆ ಮುಚ್ಚಿದೆ. ಎರಡನೇ ದಿನ ಎರಡು ಬೆರಳು ಹಾಕಿದ.

ಆ "ಅಜ್ಜಿ" ಹುಡುಗ. ಅಕ್ಕ ಹೇಳಿದ ಹಾಗೆ ಕೇಳಿದೆ. ಅವನ ಅಜ್ಜಿ ತೀರಿಕೊಂಡು ನಾಲ್ಕು ತಿಂಗಳಾಗಿದೆ. ಅವರ ಸೀರೆಗಳನ್ನಿಟ್ಟ ಟ್ರಂಕಿನಲ್ಲಿ ಅದೇ ಸೋಪಿನ ಬಿಲ್ಲೆ ಇಟ್ಟಿದ್ದಾರಂತೆ. ಅವನು ಸೋಪನ್ನ ಅಲ್ಲ, ಟ್ರಂಕನ್ನ ಮೂಸಿದ್ದ. ಮರುದಿನದಿಂದ "ಇದೇನು" ಬಿಟ್ಟು "ಇದು ಮೂಸಿದ್ರೆ ಏನು ನೆನಪಾಗುತ್ತೆ" ಅಂತ ಕೇಳೋಕೆ ಶುರು ಮಾಡಿದೆ. ಕಾಫಿ ಪುಡಿಗೆ ಬಂದ ಉತ್ತರಗಳು: "ಅಪ್ಪ ಬೆಳಿಗ್ಗೆ ಬೈಯೋದು", "ಸಂತೆಯಲ್ಲಿ ಮಿಶಿನ್ನು", "ನೆಂಟರು". ನಿಂಬೆಗೆ: "ವಾಂತಿ, ಬಸ್ಸು". ಬೆಳ್ಳುಳ್ಳಿಗೆ: "ಬಾಣಂತಿ ಕೋಣೆ". ಅವರು ಹೇಳಿದ್ದನ್ನ ನಾನು ಚೀಟೀಲಿ ಬರೆದು ಚಪ್ಪರಕ್ಕೆ (ಕೋಣೇಲಿ ತಲೆ ಮೇಲೆ ಕಟ್ಟಿದ ದಾರಗಳಿಗೆ) ನೇತು ಹಾಕಿದೆ. ಎರಡನೇ ತರಗತಿಯವರು ಪಕ್ಕದವರ ಚೀಟಿ ಓದೋಕೆ ಬೆಂಚು ಹತ್ತಿದ್ರು. ಹಳೇ ಬೆಂಚು ಅವರೇ, ಇದನ್ನ ನಿಮಗೋಸ್ಕರ ಬರೆದಿದ್ದೀನಿ.

---

ಹಳೇ ಬೆಂಚು · ಅದೇ ದಿನ

ಓದಿದೆ. ಬೆಂಚು ಹತ್ತಿ ಓದಿದ್ರು ಅಂದ್ರೆ ಮಾತಾಡೋ ಹಾಗಿಲ್ಲ. ಲೆಕ್ಕದ ಬಗ್ಗೆ ನನ್ನ ಅಭಿಪ್ರಾಯ ಮಾತ್ರ ಹಾಗೇ ಇದೆ.

---

ಅಂಗನವಾಡಿ ಅಕ್ಕ · ಅದೇ ದಿನ

ಟ್ರಂಕಿನ ಮಾತು ಓದಿ ಕಣ್ಣಾಗ ನೀರು ಬಂದೂವ್ರಿ ಟೀಚರ್. ಆ ಹುಡುಗಗ ಆ ಡಬ್ಬಿ ಕೊಟ್ಟಬಿಡ್ರಿ.

---

ನಲಿಕಲಿ ಟೀಚರ್ · ಅದೇ ದಿನ

ಕೊಡೋಕೆ ಹೋದೆ ಅಕ್ಕಾ, ತಗೊಳ್ಳಲಿಲ್ಲ. "ಇಲ್ಲೇ ಇರಲಿ ಮಿಸ್, ನಮ್ಮನೇಲಿ ಟ್ರಂಕ್ ಇದೆಯಲ್ಲ" ಅಂದ.

ಇನ್ನೊಂದು ಸಂದೇಹ, ಯಾರಿಗಾದ್ರೂ ಗೊತ್ತಿದ್ರೆ ಹೇಳಿ: ನಿಂಬೆ ಸಿಪ್ಪೆ ನಾಲ್ಕೇ ದಿನಕ್ಕೆ ಬೂಸ್ಟು ಹಿಡೀತು. ಒಣಗಿಸಿ ಹಾಕಿದ್ರೆ ವಾಸನೆ ನಿಲ್ಲುತ್ತಾ, ಅಥವಾ ಬೇರೆ 'ಹುಳಿ' ವಾಸನೆಯ ಪದಾರ್ಥ ಏನಾದ್ರೂ ಇದೆಯಾ?

---

ಸಿಸ್ಟರ್ (ಮಂಗಳೂರು) · ಅದೇ ದಿನ ರಾತ್ರಿ

ಕೋಕಂ, ಅಂದ್ರೆ ನಮ್ಮ ಪುನರ್ಪುಳಿ ಸಿಪ್ಪೆ. ಒಣಗಿದ್ದು ತಿಂಗಳುಗಟ್ಟಲೆ ಇರ್ತದೆ, ಮಕ್ಕಳು ಕದ್ದು ಬಾಯಿಗೆ ಹಾಕಿದರೂ ಚಿಂತೆ ಇಲ್ಲ.